ಎಡಗುಂಡಿ ಕೋಟು

ಆ ದರ್ಜಿಗೆ ಊರಿನವರು ಇಟ್ಟ ಹೆಸರು ಅರ್ಧಿಂಚು. ಯಾರ ಅಳತೆ ತೆಗೆದರೂ ಕೊನೆಗೆ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ, "ಅರ್ಧ ಇಂಚು ಬಿಟ್ಟಿರ್ತೀನಿ, ಮುಂದಕ್ಕೆ ಬೇಕಾಗುತ್ತೆ" ಎನ್ನುವುದು ಅವನ ವಾಡಿಕೆ. ತೊಟ್ಟಿಲ ಕೂಸಿನ ಕುಲಾವಿಗೂ ಅರ್ಧ ಇಂಚು, ಹಲ್ಲು ಬಿದ್ದ ಮುದುಕನ ಅಂಗಿಗೂ ಅರ್ಧ ಇಂಚು. "ನಾನಿನ್ನೆಲ್ಲಿ ಬೆಳೀತೀನೋ ಮಾರಾಯ" ಎಂದು ಮುದುಕ ನಕ್ಕರೆ, "ಹೇಳೋಕಾಗಲ್ಲ ತಾತ" ಎಂದು ಇವನು ಗಂಭೀರವಾಗಿಯೇ ಹೇಳುತ್ತಿದ್ದ. ಮಾತಿನಲ್ಲೂ ಅಷ್ಟೇ. ಮಳೆ ಬರುತ್ತದೆಯೇ ಎಂದು ಕೇಳಿದರೆ ಮೋಡವನ್ನು ನೋಡಿ, ನೆಲವನ್ನು ನೋಡಿ, "ಬಂದರೂ ಬರಬಹುದು, ಬರದೆ ಇರೋಕೂ ಅಡ್ಡಿಯಿಲ್ಲ" ಎಂದು ಎರಡೂ ಬದಿಗೆ ಹೊಲಿಗೆ ಬಿಟ್ಟುಕೊಂಡೇ ಮಾತಾಡುವವನು.

ಅಂಥವನು ಬದುಕಿನಲ್ಲಿ ಒಂದೇ ಒಂದು ಸಲ ಅರ್ಧ ಇಂಚೂ ಬಿಡದೆ ಮಾತಾಡಿಬಿಟ್ಟ. ಅದರಿಂದ ಏನಾಯಿತು ಎನ್ನುವುದೇ ಈ ಕಥೆ.

ಆ ವರ್ಷ ಊರಿಗೆ ಏಳು ಸಮುದ್ರದಾಚೆಯಿಂದ ಒಂದು ಧಾರಾವಾಹಿ ಬಂದಿತ್ತು. ಅದರ ಹೆಸರನ್ನು ಓದಲು ಯಾರಿಗೂ ಬರುತ್ತಿರಲಿಲ್ಲ. ಆ ದೇಶದ ಅಕ್ಷರ ಬಿಸಿಲಿಗೆ ಒಣಹಾಕಿದ ಎರೆಹುಳುಗಳ ಹಾಗಿತ್ತು. ನೇರವಾಗಿ ಹಿಡಿದರೂ ಒಂದೇ, ತಲೆಕೆಳಗಾಗಿ ಹಿಡಿದರೂ ಒಂದೇ. ಊರವರು ಅದನ್ನು 'ಸ್ಟೇಷನ್ ಕಥೆ' ಎಂದು ಕರೆದು ಒಳಗೆ ಬಿಟ್ಟುಕೊಂಡರು. ಸಣ್ಣ ರೈಲು ನಿಲ್ದಾಣದ ಸ್ಟೇಷನ್ ಮಾಸ್ಟರ್ ಒಬ್ಬ, ಎಂದೋ ಬರುತ್ತೇನೆಂದು ಹೋದವಳಿಗಾಗಿ ಅರವತ್ತನಾಲ್ಕು ಕಂತು ಕಾಯುತ್ತಾನೆ. ಬೂದು ಬಣ್ಣದ ಉದ್ದ ಕೋಟು, ಆರು ಹಿತ್ತಾಳೆ ಗುಂಡಿ, ತಲೆಯ ಮೇಲೆ ನಿಲ್ದಾಣದ ದೊಡ್ಡ ಗಡಿಯಾರ. ಕಂತಿಗೆ ನಾಲ್ಕು ಸಲವಾದರೂ ಅವನು ಗಡಿಯಾರ ನೋಡಿ ನಿಟ್ಟುಸಿರು ಬಿಡಬೇಕು. ಯಾರೋ ಪುಣ್ಯಾತ್ಮರು ಅದಕ್ಕೆ ನಮ್ಮ ಮಾತು ಕೂರಿಸಿದ್ದರು. ಗಂಡಸರಿಗೆಲ್ಲ ಒಬ್ಬನೇ ದನಿ, ಹೆಂಗಸರಿಗೆಲ್ಲ ಒಬ್ಬಳೇ ದನಿ. ಅತ್ತೆ ಸೊಸೆ ಜಗಳವಾಡಿದರೆ ಒಬ್ಬಳೇ ತನ್ನನ್ನು ತಾನು ಬೈದುಕೊಂಡ ಹಾಗೆ ಕೇಳಿಸುತ್ತಿತ್ತು. ಆದರೂ ಊರು ಅತ್ತಿತು.

ಈ ಕಥೆಯನ್ನು ಊರಿಗೆ ಹಂಚಿದವನು ದರ್ಜಿಯ ಭಾವಮೈದುನ. ಅವನದು ಫೋನಿನ ಅಂಗಡಿ. ಎಲ್ಲಿಂದಲೋ ಇಳಿಸಿಕೊಂಡು, ಉಗುರಿನಷ್ಟು ಮೆಮೊರಿ ಚಿಪ್ಪಿಗೆ ತುಂಬಿ, ಮನೆಮನೆಗೆ ಕೊಟ್ಟ. ಆಮೇಲೆ ಊರು ಊರಾಗಿ ಉಳಿಯಲಿಲ್ಲ. ಕ್ಷೌರಿಕನ ಅಂಗಡಿಯಲ್ಲಿ ಎಲ್ಲರ ಬೈತಲೆ ಈ ಕಿವಿಯ ಮೇಲಿಂದ ಆ ಕಿವಿಯ ಮೇಲಕ್ಕೆ ದಾಟಿತು. ಗಂಡಸರು ಕೈಗಡಿಯಾರವನ್ನು ಬಲಗೈಗೆ ಕಟ್ಟಿದರು. ಸ್ಟೇಷನ್ ಮಾಸ್ಟರ್ ಮನಸ್ಸು ಕರಗಿದಾಗಲೆಲ್ಲ ಎಡಗೈಯನ್ನು ಎದೆಯ ಬಲಭಾಗಕ್ಕೆ ಒತ್ತಿಕೊಳ್ಳುತ್ತಿದ್ದ. ಊರೂ ಹಾಗೆಯೇ ಒತ್ತಿಕೊಂಡಿತು. ಆಣೆ ಮಾಡಿದರೆ ಅಲ್ಲಿ, ಕ್ಷಮೆ ಕೇಳಿದರೆ ಅಲ್ಲಿ, ಒಲಿದರೆ ಅಲ್ಲಿ, ಮುನಿದರೂ ಅಲ್ಲೇ. ದವಾಖಾನೆಯ ಡಾಕ್ಟರು ತಲೆ ಕೆರೆದುಕೊಂಡು ಕಾಂಪೌಂಡರನ ಹತ್ತಿರ ಹೇಳಿದರಂತೆ: "ಈ ತಿಂಗಳು ಒಂಬತ್ತು ಜನ ಎದೆ ಒಡೀತಿದೆ ಅಂತ ಬಂದ್ರು ಕಣಯ್ಯಾ. ಒಂಬತ್ತೂ ಜನ ತೋರಿಸಿದ್ದು ಬಲಗಡೆ. ನಾನು ಓದಿದ ಪುಸ್ತಕ ಹಳೇದಾಯ್ತೇನೋ!"

ಊರಿಗೆಲ್ಲ ಒಬ್ಬನೇ ಒಬ್ಬ ಈ ಕಥೆಯನ್ನು ಮೆಚ್ಚದವನು ಗಡಿಯಾರ ರಿಪೇರಿಯವನು. ದರ್ಜಿಯ ಅಂಗಡಿಗೆ ಎದುರಿಗೇ ಅವನ ಗೂಡು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುವ ಮನುಷ್ಯ. "ಆ ಸ್ಟೇಷನ್ನಿನ ಗಡಿಯಾರ ಹಿಂದಕ್ಕೆ ಓಡುತ್ತೆ ಕಣ್ರಯ್ಯಾ" ಎಂದು ಮೊದಲ ಕಂತಿನಿಂದಲೇ ಅವನ ಗೊಣಗಾಟ.

"ಅವರ ದೇಶ, ಅವರ ಗಡಿಯಾರ. ನಿನ್ನಪ್ಪನ ಮನೇದಾ?" ಎಂದಿದ್ದ ಕ್ಷೌರಿಕ.

"ಗಡಿಯಾರಕ್ಕೆ ದೇಶ ಇರಲ್ಲ ಕಣೋ."

"ಅದಕ್ಕೇ ನೀನಿಲ್ಲಿ ಕೂತಿದೀಯ, ಅವರು ಅಲ್ಲಿದಾರೆ" ಎಂದರು ಎಲ್ಲರೂ. ಮಾತಿಗೆ ಅರ್ಥವಿರಲಿಲ್ಲ, ಆದರೆ ಹತ್ತು ಜನ ಒಟ್ಟಿಗೆ ನಕ್ಕರೆ ಅರ್ಥ ತಾನಾಗಿ ಬಂದು ಕೂರುತ್ತದೆ. ಗಡಿಯಾರದವನು ಭೂತಗನ್ನಡಿ ಸರಿಮಾಡಿಕೊಂಡು ಕೆಲಸಕ್ಕೆ ಬಾಗಿದ.

ಹೀಗಿರುವಾಗ ಒಂದು ದಿನ ಕಂಬಳಿ ಗಿರಣಿಯ ಮ್ಯಾನೇಜರ್ ದರ್ಜಿಯ ಅಂಗಡಿಯ ಮೆಟ್ಟಿಲು ತಾನಾಗಿಯೇ ಹತ್ತಿ ಬಂದರು. ಇಪ್ಪತ್ತೆರಡು ವರ್ಷಗಳಿಂದ ಗಿರಣಿಯ ಸಮವಸ್ತ್ರವೆಲ್ಲ ಅರ್ಧಿಂಚುವಿನ ಕೈಯದೇ. ಅಂಗಡಿಯ ಹಿಂಗೋಡೆಯೂ ಗಿರಣಿಯ ಕಾಂಪೌಂಡೇ. ಗಿರಣಿ ಕೆಮ್ಮಿದರೆ ಅಂಗಡಿ ಸೀನುತ್ತಿತ್ತು.

"ಆ ಸ್ಟೇಷನ್ ಕಥೆ ದೇಶದವರೇ ನಮ್ಮ ಕಂಬಳಿ ನೋಡೋಕೆ ಬರ್ತಿದಾರೆ" ಎಂದರು ಮ್ಯಾನೇಜರ್. "ಒಪ್ಪಿದ್ರೆ ಗಿರಣಿಗೆ ಹತ್ತು ವರ್ಷದ ಕೆಲಸ. ಒಪ್ಪದಿದ್ರೆ ಬೀಗ. ಅವರು ಗೇಟಿಗೆ ಬಂದ ಕೂಡಲೇ ನಮ್ಮ ಬ್ಯಾಂಡಿನ ಹನ್ನೆರಡು ಜನ ಸ್ಟೇಷನ್ ಮಾಸ್ಟರ್ ಕೋಟಲ್ಲಿ ನಿಂತಿರ್ಬೇಕು. ತವರಿಗೆ ಬಂದ ಹಾಗೆ ಆಗ್ಬೇಕು ಅವರಿಗೆ. ನಿನ್ನ ಕೈಲಾಗುತ್ತಾ, ಇಲ್ಲಾ ದೊಡ್ಡ ಪೇಟೆಯಲ್ಲಿ ಹೊಲಿಸಲಾ?"

'ದೊಡ್ಡ ಪೇಟೆ' ಎನ್ನುವ ಮಾತು ದರ್ಜಿಯ ಎದೆಗೆ ಸೂಜಿಯ ಹಾಗೆ ಹೊಕ್ಕಿತು. ಅರ್ಧ ಇಂಚು ಬಿಡುವುದನ್ನು ಅವನು ಮರೆತ.

"ಆ ದೇಶದ ಹೊಲಿಗೆ ನನಗೆ ಅಂಗೈ ಗೆರೆ ಇದ್ದ ಹಾಗೆ ಸ್ವಾಮಿ. ಅವರೇ ಬಂದು ಮುಟ್ಟಿ ನೋಡಿದ್ರೂ ನಮ್ಮೂರ ದರ್ಜಿದು ಅನ್ಬೇಕು. ಅನ್ನದಿದ್ರೆ ಈ ಕತ್ತರಿ ಮತ್ತೆ ಹಿಡಿಯಲ್ಲ."

ಆಡಿ ಮುಗಿಸಿದ ಮೇಲೆ ಅವನಿಗೇ ಗಾಬರಿಯಾಯಿತು. ಆದರೆ ಮ್ಯಾನೇಜರ್ ಆಗಲೇ ಎಡಗೈಯಿಂದ ಎದೆಯ ಬಲಭಾಗ ಮುಟ್ಟಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು.

ದರ್ಜಿ ಕಥೆಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ. ಕಾಲರಿನ ಅಗಲ, ತೋಳಿನ ಮಡಿಕೆ, ಬೆನ್ನಿನ ಸೀಳು ಎಲ್ಲವನ್ನೂ ಕಾಗದದ ಮೇಲೆ ಇಳಿಸಿಕೊಂಡ. ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳು ಇಪ್ಪತ್ತು ವರ್ಷ ಗುಂಡಿ ಹಚ್ಚಿದವಳು. ಬಾಯಿಗಿಂತ ಬೆರಳು ಚುರುಕು, ಬಾಯೇನೂ ಕಡಿಮೆಯಿಲ್ಲ.

"ಏನ್ರೀ, ಗಂಡಸರ ಕೋಟಿಗೆ ಗುಂಡಿ ಬಲಗಡೆ ಮಗ್ಗುಲಿಗಲ್ವಾ? ಇವನಿಗೆ ಎಡಗಡೆ ಇದೆ. ಇದು ಹೆಂಗಸರ ಕಟ್ಟಿಂಗು."

"ಅದೇ ಕಣೇ ಅವರ ಹೊಲಿಗೆಯ ಮರ್ಮ" ಎಂದ ದರ್ಜಿ, ಮೂಗಿನ ಮೇಲೆ ಕನ್ನಡಕ ಏರಿಸುತ್ತ. "ಎಡಗೈಲಿ ಬಾವುಟ ಹಿಡಿದಿರ್ತಾನೆ, ಬಲಗೈಲಿ ಗುಂಡಿ ಬಿಚ್ಚಬೇಕಲ್ಲ? ಅದಕ್ಕೇ."

"ಬಾವುಟ ಹಿಡ್ಕೊಂಡು ಗುಂಡಿ ಯಾಕೆ ಬಿಚ್ತಾನೆ?"

"ನಿನಗೆ ತಿಳಿಯಲ್ಲ. ಅದು ಅಂತಾರಾಷ್ಟ್ರೀಯ."

ಹೆಂಡತಿ ಗುಂಡಿಯ ಡಬ್ಬಿ ಎತ್ತಿಕೊಂಡಳು. ಹನ್ನೆರಡೂ ಕೋಟು ಎಡಗುಂಡಿಯವೇ ಆದವು. ಮ್ಯಾನೇಜರ್ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಹನ್ನೊಂದು ಕೋಟು ಅವರ ಕೋಣೆಯ ಕಪಾಟು ಸೇರಿದವು. ಹನ್ನೆರಡನೆಯದನ್ನು ಮಾತ್ರ ಬ್ಯಾಂಡಿನ ದೊಡ್ಡ ಡೋಲು ಬಾರಿಸುವವನು ಅಲ್ಲೇ ತೊಟ್ಟುಕೊಂಡು, ಅದರಲ್ಲೇ ಮನೆಗೆ ನಡೆದುಬಿಟ್ಟ.

ಅತಿಥಿಗಳು ಶುಕ್ರವಾರ ಬರುವವರು. ಮಂಗಳವಾರ ಬೆಳಿಗ್ಗೆ ಗಡಿಯಾರದವನು ಭೂತಗನ್ನಡಿ ಸಮೇತ ದರ್ಜಿಯ ಅಂಗಡಿಗೆ ನುಗ್ಗಿದ. ಕೈಯಲ್ಲಿ ಫೋನು. ಅದರೊಳಗೆ ಸ್ಟೇಷನ್ ಮಾಸ್ಟರ್ ಗಡಿಯಾರ ನೋಡಿ ನಿಟ್ಟುಸಿರು ಬಿಡುತ್ತಿದ್ದ.

"ಇಲ್ಲಿ ಬಾ. ನಿನ್ನ ಟ್ರಯಲ್ ಕನ್ನಡಿ ಮುಂದೆ ನಿಂತ್ಕೋ" ಎಂದು ಗಡಿಯಾರದವನು ಫೋನನ್ನು ಕನ್ನಡಿಗೆ ಎದುರಾಗಿ ಹಿಡಿದ. "ಫೋನು ನೋಡ್ಬೇಡ. ಕನ್ನಡಿ ನೋಡು."

ದರ್ಜಿ ಕನ್ನಡಿ ನೋಡಿದ. ಕನ್ನಡಿಯೊಳಗಿನ ಗಡಿಯಾರದ ಮುಳ್ಳು ಎಲ್ಲ ಗಡಿಯಾರಗಳ ಹಾಗೆ ಮುಂದಕ್ಕೆ ನಡೆಯುತ್ತಿತ್ತು. ಸ್ಟೇಷನ್ ಮಾಸ್ಟರನ ಕೈಗಡಿಯಾರ ಎಡಗೈಯಲ್ಲಿತ್ತು. ಬೈತಲೆ ಹಳೆಯ ಕಡೆಗೆ ಬಂದಿತ್ತು. ಅವನು ಬಲಗೈಯನ್ನು ಎದೆಯ ಎಡಭಾಗಕ್ಕೆ, ಹೃದಯ ಇರಬೇಕಾದಲ್ಲಿಗೇ ಒತ್ತಿಕೊಂಡ. ಆರು ಹಿತ್ತಾಳೆ ಗುಂಡಿಗಳು ಬಲ ಮಗ್ಗುಲಲ್ಲಿ ಸಾಲಾಗಿ ಹೊಳೆದವು.

"ಕಥೆ ತಿರುಗುಮುರುಗಾಗಿದೆ ಕಣೋ" ಎಂದ ಗಡಿಯಾರದವನು. ಆರು ತಿಂಗಳ ಅವಮಾನ ಅವನ ಗಂಟಲಲ್ಲಿ ಹಾಡಾಗಿತ್ತು. "ನಾನು ಹೇಳಲಿಲ್ವಾ? ಗಡಿಯಾರಕ್ಕೆ ದೇಶ ಇರಲ್ಲ!"

ಭಾವಮೈದುನನನ್ನು ಕರೆಸಿದರು. ಅವನು ಮೊದಲು ಕನ್ನಡಿಯನ್ನೇ ಅನುಮಾನಿಸಿದ. ಆಮೇಲೆ ತಲೆ ತಗ್ಗಿಸಿದ.

"ನೇರವಾಗಿ ಹಾಕಿದ್ರೆ ಆ ಕಂಪನಿಯವರ ಯಂತ್ರ ಪತ್ತೆ ಮಾಡಿ ಅಳಿಸಿಹಾಕುತ್ತಂತೆ ಭಾವ. ಅದಕ್ಕೆ ಕದ್ದು ಹಾಕೋರು ಎಡಬಲ ತಿರುಗಿಸಿ ಹಾಕ್ತಾರಂತೆ. ನಾನು ಇಳಿಸ್ಕೊಂಡಿದ್ದು ಅಂಥದ್ದೇ. ಕಥೆಗೇನೂ ತೊಂದರೆ ಇಲ್ವಲ್ಲ, ಅಳು ಎರಡೂ ಕಡೆಯಿಂದ ಒಂದೇ ಅಂತ ಸುಮ್ಮನಿದ್ದೆ."

"ಅಳು ಒಂದೇ ಕಣೋ, ಗುಂಡಿ ಒಂದೇ ಅಲ್ಲ!" ಎಂದ ದರ್ಜಿ. ಅವನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಹೋಗ್ಲಿ ಬಿಡು, ಹೆಂಗಸರ ಕೋಟು ಅಂದ್ಕೊಂಡು ನಗ್ತಾರೆ ಅಷ್ಟೇ" ಎಂದು ಗಡಿಯಾರದವನು ಸಮಾಧಾನ ಹೇಳಲು ಹೋದ. ಗೆದ್ದ ಮನುಷ್ಯನಿಗೆ ಕರುಣೆ ಸುಲಭ.

ಆಗ ಒಳಗಿನಿಂದ ಹೆಂಡತಿಯ ದನಿ ಬಂತು. "ಹತ್ತೊಂಬತ್ತನೇ ಕಂತು ನೆನಪಿದೆಯೇನ್ರೀ?"

ಹತ್ತೊಂಬತ್ತನೆಯ ಕಂತು ಊರಲ್ಲಿ ಯಾರಿಗೆ ನೆನಪಿಲ್ಲ? ಅದರಲ್ಲಿ ಸ್ಟೇಷನ್ ಮಾಸ್ಟರನ ತಂದೆ ಸಾಯುತ್ತಾನೆ. ಆ ದೇಶದ ಪದ್ಧತಿಯೇನೆಂದರೆ, ಬದುಕಿದ್ದವರ ಕೋಟಿಗೆ ಗುಂಡಿ ಒಂದು ಬದಿ. ಸತ್ತವರಿಗೆ ತೊಡಿಸುವ ಕೋಟಿಗೆ ಎದುರು ಬದಿ. ಮಗ ಒಂದೊಂದೇ ಗುಂಡಿ ಹಾಕುತ್ತ, "ಅಪ್ಪಾ, ಇನ್ನು ನಿನ್ನ ದಾರಿ ಬೇರೆ, ನಿನ್ನ ಗುಂಡಿಯೂ ಬೇರೆ" ಎಂದಾಗ ಗಿರಣಿಯ ಮಧ್ಯಾಹ್ನದ ಪಾಳಿಯವರು ಕೆಲಸ ಬಿಟ್ಟು ಅತ್ತಿದ್ದರು.

"ಈಗ ಯೋಚನೆ ಮಾಡಿ" ಎಂದಳು ಹೆಂಡತಿ, ಬಾಗಿಲಿಗೆ ಬಂದು ನಿಂತು. "ಬದುಕಿದ್ದವರ ಕೋಟನ್ನ ತಿರುಗುಮುರುಗು ಮಾಡಿದ್ರೆ ಏನಾಗುತ್ತೆ?"

ಮೂವರು ಗಂಡಸರೂ ಯೋಚಿಸಿದರು. ಮೂವರಿಗೂ ಒಂದೇ ಸಲ ತಿಳಿಯಿತು. ದರ್ಜಿ ಹೊಲಿಗೆಯಂತ್ರದ ಸ್ಟೂಲಿನ ಮೇಲೆ ಕೂತ. ಗಿರಣಿಯ ಗೇಟಿನಲ್ಲಿ, ಹತ್ತು ವರ್ಷದ ಕೆಲಸ ಕೊಡಲು ಬಂದವರ ಎದುರಿಗೆ, ಹನ್ನೆರಡು ಹೆಣಗಳು ಸಾಲಾಗಿ ನಿಂತು ವಾದ್ಯ ನುಡಿಸುವ ಚಿತ್ರ ಅವನ ಕಣ್ಣಿಗೆ ಕಟ್ಟಿತು.

"ಇದು ಹೊರಗೆ ಹೋಗಬಾರದು" ಎಂದು ದರ್ಜಿ ಪಿಸುಗುಟ್ಟಿದ. ಭಾವಮೈದುನ ಎಡಗೈಯಿಂದ ಬಲ ಎದೆ ಮುಟ್ಟಿ ಆಣೆ ಮಾಡಿದ.

"ಆ ಕಡೆ ಏನೂ ಇಲ್ಲ ಕಣೋ!" ಎಂದು ಗಡಿಯಾರದವನು ಗದರಿದ. ಭಾವಮೈದುನ ಕೈ ಬದಲಿಸಿ ಮತ್ತೆ ಆಣೆ ಮಾಡಬೇಕಾಯಿತು.

ತಪ್ಪು ತಿಳಿಯಿತು ನಿಜ. ತಿದ್ದುವುದು ಹೇಗೆ? ನೇಗಿಲ ಸಾಲು ಸೊಟ್ಟಗಾದರೆ ಮತ್ತೆ ಉಳಬಹುದು. ಗುಂಡಿ ತೂರಿಸಲು ಕೊರೆದ ಕಾಜ ಹಾಗಲ್ಲ. ಒಮ್ಮೆ ಕತ್ತರಿ ಬಿದ್ದರೆ ಬಿತ್ತು. ಇದ್ದದ್ದು ಒಂದೇ ದಾರಿ. ಬಲ ಮಗ್ಗುಲ ಕಾಜಗಳನ್ನು ದಾರದಿಂದ ಹೊಲಿದು ಮುಚ್ಚಿ, ಅದರ ಮೇಲೇ ಗುಂಡಿ ಕೂರಿಸಬೇಕು. ಎಡ ಮಗ್ಗುಲಿನ ಗುಂಡಿ ಕಿತ್ತು, ಆ ಜಾಗದಲ್ಲಿ ಹೊಸ ಕಾಜ ಕೊರೆಯಬೇಕು. ಆದರೆ ಅದಕ್ಕೆ ಮೊದಲು ಕೋಟುಗಳು ಕೈಗೆ ಬರಬೇಕು.

"ಯಾಕೆ ಬೇಕು?" ಎಂದರು ಮ್ಯಾನೇಜರ್. ಅವರು ಸ್ವಾಗತ ಭಾಷಣವನ್ನು ಕಪಾಟಿನ ಕೋಟುಗಳಿಗೆ ಓದಿ ಅಭ್ಯಾಸ ಮಾಡುತ್ತಿದ್ದರು.

"ಅರ್ಧ ಇಂಚು ಸ್ವಾಮಿ."

"ಏನು ಅರ್ಧ ಇಂಚು?"

"ಬಿಡೋದು ಮರೆತಿದ್ದೆ."

ಇಪ್ಪತ್ತೆರಡು ವರ್ಷದಲ್ಲಿ ದರ್ಜಿ ಹೇಳಿದ ಮಾತುಗಳಲ್ಲೆಲ್ಲ ಮ್ಯಾನೇಜರರಿಗೆ ತೀರಾ ನಂಬಿಕೆ ಬಂದದ್ದು ಇದೇ. "ಗುರುವಾರ ಸಾಯಂಕಾಲದೊಳಗೆ ವಾಪಸ್ ಬರ್ಬೇಕು. ಒಂದು ಗುಂಡಿ ಹೆಚ್ಚು ಕಮ್ಮಿ ಆದ್ರೆ ನಿನ್ನ ಅಂಗಡಿ ಗೋಡೆ ನಂದು, ನೆನಪಿರಲಿ" ಎಂದು ಕಳಿಸಿದರು.

ಡೋಲಿನವನ ಮನೆಯಲ್ಲಿ ಮಾತ್ರ ಕೆಲಸವಾಗಲಿಲ್ಲ. ಅವನು ಗಿರಣಿಯ ಎಲ್ಲರಿಗಿಂತ ಹಳೆಯ ಆಳು, ಉಣ್ಣೆಯ ಮೂಟೆ ಹೊರುವವನು, ಮೂಟೆಯಷ್ಟೇ ಅಗಲ. ಕೋಟು ತೊಟ್ಟುಕೊಂಡೇ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದ.

"ಸ್ವಲ್ಪ ಬಿಚ್ಚಿಕೊಡಣ್ಣಾ" ಎಂದ ದರ್ಜಿ.

"ಸತ್ತರೂ ಬಿಚ್ಚಲ್ಲ."

ದರ್ಜಿ ಅವನ ಬಾಯಿ ಮುಚ್ಚಲು ಕೈ ಎತ್ತಿದ. ಸುತ್ತ ನೋಡಿ, ಕಿವಿಯ ಹತ್ತಿರ ಬಾಗಿ, ಎಲ್ಲವನ್ನೂ ಹೇಳಿದ. "ಅದು ಹೆಣದ ಕೋಟು ಕಣಣ್ಣಾ!"

ಡೋಲಿನವನು ಕೊಡಲಿ ಕೆಳಗಿಟ್ಟ. ಆಮೇಲೆ ಗುಂಡಿಗಳ ಮೇಲೆ ಕೈ ಸವರಿದ. "ಮೂವತ್ತು ವರ್ಷದಿಂದ ನನ್ನ ಹೆಂಡತಿ ನನ್ನನ್ನ 'ಏ' ಅಂತ ಕರೀತಿದ್ಲು. ಈ ಕೋಟು ಹಾಕ್ಕೊಂಡು ಬಂದ ದಿನದಿಂದ 'ಬಂದ್ರಾ' ಅಂತಾಳೆ. ಹೆಣ ಆದ್ರೆ ಹೆಣವೇ ಆಗ್ಲಿ. ಬದುಕಿದ್ದಾಗ ಸಿಕ್ಕಿದ್ದಕ್ಕಿಂತ ಹೆಚ್ಚೇ ಸಿಕ್ಕಿದೆ."

ಒಳಗಿನಿಂದ "ಯಾರು ಬಂದಿದಾರ್ರೀ?" ಎಂದು ಹೆಣ್ಣುದನಿ ಕೇಳಿಸಿತು. ಡೋಲಿನವನು ಹುಬ್ಬು ಹಾರಿಸಿದ, ಕೇಳಿಸ್ಕೊಂಡೆಯಾ ಎನ್ನುವ ಹಾಗೆ. ದರ್ಜಿ ಬರಿಗೈಯಲ್ಲಿ ಹಿಂದಿರುಗಿದ.

ಆ ಎರಡು ದಿನ ಗಂಡ ಹೆಂಡತಿ ಬಾಗಿಲು ಮುಂದೆ ಮಾಡಿಕೊಂಡು ಕೂತರು. ಕೋಟಿಗೆ ಆರು, ಹನ್ನೊಂದು ಕೋಟು. ಕಾಜದ ಅರವತ್ತಾರು ಕಣ್ಣು ಮುಚ್ಚಬೇಕು, ಅರವತ್ತಾರು ಕಣ್ಣು ತೆರೆಯಬೇಕು.

"ದರ್ಜಿ ಅಂಗಡಿ ಮುಚ್ಚಿ ಕಣ್ಣಾಸ್ಪತ್ರೆ ಇಡೋಣ್ವಾ?" ಎಂದಳು ಹೆಂಡತಿ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ.

"ನಗಬೇಡ್ವೇ. ಗೋಡೆ ಅವರದು."

"ನಾನು ನಗ್ತಿಲ್ಲ. ಅಂತಾರಾಷ್ಟ್ರೀಯ ಅನ್ನೋದನ್ನ ಬೆರಳಲ್ಲಿ ಕಲೀತಿದೀನಿ."

ಗುರುವಾರ ಹೊತ್ತು ಇಳಿಯುವ ಮೊದಲೇ ಕೊನೆಯ ಗುಂಡಿ ಕೂತಿತು. ಮ್ಯಾನೇಜರ್ ಕೋಟುಗಳನ್ನು ಎಣಿಸಿದರೇ ಹೊರತು ಗುಂಡಿಗಳನ್ನು ನೋಡಲಿಲ್ಲ. ದರ್ಜಿ ಬ್ಯಾಂಡಿನ ಮುಂದಾಳಿನ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿಕೊಂಡು, ಡೋಲಿನವನನ್ನು ಹಿಂದಿನ ಸಾಲಿಗೆ ಹಾಕಿಸಿದ. ಅಷ್ಟು ದೊಡ್ಡ ಡೋಲು ಎದೆಯ ಮೇಲೆ ತೂಗಿದರೆ ಗುಂಡಿ ಯಾವ ಕಡೆ ಇದೆಯೆಂದು ಬ್ರಹ್ಮನಿಗೂ ಕಾಣಿಸುವುದಿಲ್ಲ. ಹನ್ನೊಂದು ಜನ ಬದುಕಿದ್ದವರು, ಒಬ್ಬ ಹೆಣ, ಹೆಣದ ಮುಂದೆ ಡೋಲು. ಇದಕ್ಕಿಂತ ಹೆಚ್ಚಿನ ನೆಮ್ಮದಿಯನ್ನು ದರ್ಜಿ ಆ ವಾರ ಬಯಸುವಂತಿರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಗಿರಣಿಯ ಗೇಟಿನಲ್ಲಿ ಒಂದು ಕಪ್ಪು ಕಾರು, ಅದರ ಹಿಂದೆ ದೂರದಲ್ಲಿ ಒಂದು ವ್ಯಾನು ಕಾಣಿಸಿದವು. ದರ್ಜಿ ಉಣ್ಣೆಯ ಮೂಟೆಗಳ ಹಿಂದೆ ನಿಂತು ಒಂದು ಕಣ್ಣಿನಿಂದ ನೋಡುತ್ತಿದ್ದ. ಕಾರಿನಿಂದ ಎಂಬತ್ತರ ಹತ್ತಿರದ ಹಿರಿಯರೊಬ್ಬರು ಇಳಿದರು. ತಲೆಗೆ ಟೋಪಿ, ಮೈಮೇಲೆ ಬೂದು ಕೋಟು, ಗುಂಡಿಗಳು ಬಲ ಮಗ್ಗುಲಲ್ಲಿ. ದರ್ಜಿ ಉಸಿರುಬಿಟ್ಟ. ಬ್ಯಾಂಡು ಮೊಳಗಿತು. ಹಿರಿಯರು ಹನ್ನೊಂದು ಕೋಟುಗಳನ್ನು ನೋಡಿ ನಸುನಕ್ಕು ತಲೆದೂಗಿದರು.

ಎಲ್ಲವೂ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಹೂಗುಚ್ಛ ಕೊಡುವವರು ಯಾರೆಂದು ದರ್ಜಿ ಕೇಳಿಯೇ ಇರಲಿಲ್ಲ.

"ನಮ್ಮ ಗಿರಣಿಯ ಅತ್ಯಂತ ಹಳೆಯ ಕೆಲಸಗಾರರಿಂದ ಹೂಗುಚ್ಛ!" ಎಂದು ಮ್ಯಾನೇಜರ್ ಕೂಗಿದರು.

ಡೋಲಿನವನು ಡೋಲು ಕೆಳಗಿಟ್ಟ. ಸಾಲು ಸೀಳಿಕೊಂಡು, ಎಡ ಮಗ್ಗುಲಲ್ಲಿ ಆರೂ ಗುಂಡಿ ಹೊಳೆಸುತ್ತ, ಹೂ ಹಿಡಿದು ಮುಂದೆ ನಡೆದ.

ಹಿರಿಯರ ನಗೆ ನಿಂತಿತು. ಅವರು ಗುಂಡಿಗಳನ್ನು ನೋಡಿದರು. ಡೋಲಿನವನ ಮುಖ ನೋಡಿದರು. ಮತ್ತೆ ಗುಂಡಿಗಳನ್ನು ನೋಡಿದರು. ಆಮೇಲೆ ನಿಧಾನವಾಗಿ ಟೋಪಿ ತೆಗೆದು, ಕಣ್ಣು ಮುಚ್ಚಿ, ಸೊಂಟ ಬಗ್ಗಿಸಿ, ಹತ್ತೊಂಬತ್ತನೆಯ ಕಂತಿನಲ್ಲಿ ಬಂಧುಗಳೆಲ್ಲ ಬಾಗಿದ ಹಾಗೆಯೇ ಬಾಗಿದರು.

ಡೋಲಿನವನೂ ಮರ್ಯಾದೆಗೆ ಬಾಗಿದ. ಮ್ಯಾನೇಜರ್ ಯಾಕೆಂದು ತಿಳಿಯದೆ ಬಾಗಿದರು. ಇಡೀ ಗಿರಣಿ ಬಾಗಿತು. ಮೂಟೆಗಳ ಹಿಂದೆ ದರ್ಜಿಯೂ ಬಾಗಿದ. ಗೋಡೆ ಹೋಯಿತು, ಅಂಗಡಿ ಹೋಯಿತು, ಇನ್ನೂರು ಮನೆಯ ಒಲೆ ಆರಿತು ಎಂದುಕೊಂಡ. ಕತ್ತರಿ ಮತ್ತೆ ಹಿಡಿಯಲ್ಲ ಎಂದು ತಾನೇ ಆಡಿದ್ದು ನೆನಪಾಯಿತು.

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಅದರಿಂದ ಆರೇಳು ಜನ ತರುಣ ತರುಣಿಯರು ದಬದಬನೆ ಇಳಿದರು. ಒಬ್ಬ ಡೋಲಿನವನನ್ನು ಕಂಡು ಕೇಕೆ ಹಾಕಿದ. ಎಲ್ಲರೂ ಓಡಿಬಂದು ಅವನನ್ನು ಸುತ್ತುವರಿದರು, ಹೆಗಲ ಮೇಲೆ ಕೈ ಹಾಕಿದರು, ಫೋನು ಎತ್ತಿ ಹಿಡಿದರು. ಹನ್ನೊಂದು ಜನ ಬದುಕಿದ್ದವರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ದರ್ಜಿ ಮೂಟೆಯ ಹಿಂದಿನಿಂದ ಎರಡನೆಯ ಕಣ್ಣನ್ನೂ ಹೊರಗೆ ತಂದ. ಅಷ್ಟೂ ತರುಣರ ಮೈಮೇಲೆ ಸ್ಟೇಷನ್ ಮಾಸ್ಟರನ ಕೋಟಿತ್ತು. ಅಷ್ಟೂ ಕೋಟಿನ ಗುಂಡಿ ಎಡಗಡೆಗಿತ್ತು. ಕೈಗಡಿಯಾರ ಬಲಗೈಯಲ್ಲಿತ್ತು.

"ಇದೇನು ವಿಷಯ?" ಎಂದು ಮ್ಯಾನೇಜರ್ ದುಭಾಷಿಯನ್ನು ಕೇಳಿದರು. ದುಭಾಷಿ ಹಿರಿಯರನ್ನು ಕೇಳಿದ. ಹಿರಿಯರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಮಾತಾಡಿದರು.

"ಅವರ ದೇಶದ ಕಥೇನ ಹೊರದೇಶದೋರು ಯಾರೋ ತಿರುಗಿಸಿ ಹಾಕಿದ್ರಂತೆ" ಎಂದ ದುಭಾಷಿ. "ಅದನ್ನ ನೋಡಿ ಹತ್ತಾರು ದೇಶದ ಹುಡುಗರು ಎಡಗುಂಡಿ ಕೋಟು ಹಾಕ್ಕೊಂಡು ಕುಣಿದು ವೀಡಿಯೋ ಮಾಡಿದ್ರಂತೆ. ಅದನ್ನ ಇವರ ಮೊಮ್ಮಕ್ಕಳು, ಇಗೋ ಈ ಹುಡುಗರೇ, ನೋಡಿ, ಇದ್ಯಾವುದೋ ಹೊರದೇಶದ ಹೊಸ ಫ್ಯಾಷನ್ನು ಅಂತ ಹಿಡ್ಕೊಂಡ್ರಂತೆ. ಅದು ಹೆಣದ ಕೋಟು ಕಣ್ರೋ ಅಂತ ಇವರು ಬಡ್ಕೊಂಡ್ರೆ, ತಾತಾ, ನಿಮಗೆ ಹೊರಗಿನ ಪ್ರಪಂಚ ಗೊತ್ತಿಲ್ಲ ಅಂತಾರಂತೆ."

"ಈಗ ಹುಡುಗರು ಏನಂತಿದಾರೆ?"

"ಇಷ್ಟು ದೂರದ ಊರಿನ ಮುದುಕರೂ ಇದನ್ನೇ ಹಾಕಿದಾರೆ ನೋಡಿ ತಾತಾ, ನಾವು ಹೇಳಲಿಲ್ವಾ, ಅಂತಿದಾರೆ. ಈ ಗಿರಣಿ ಕಂಬಳಿಯೇ ಬೇಕಂತೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಬರ್ತಾರೆ. ಹನ್ನೆರಡೂ ಜನ ಅಂಥದ್ದೇ ಕೋಟಲ್ಲಿ ನಿಂತಿರ್ಬೇಕು, ಕಂಬಳಿ ಹೊದ್ಕೊಂಡು ವೀಡಿಯೋ ತೆಗೀತಾರಂತೆ."

ಮ್ಯಾನೇಜರ್ ಹನ್ನೊಂದು ಕೋಟುಗಳ ಕಡೆಗೆ ತಿರುಗಿದರು. ಈಗ ಮೊದಲ ಸಲ ಗುಂಡಿ ನೋಡಿದರು. ಅವರ ಮುಖ ಕೆಂಪಾಯಿತು, ಆಮೇಲೆ ಊದಾ ಆಯಿತು.

"ಅರ್ಧಿಂಚೂ!" ಎಂದು ಕೂಗಿದರು.

ದರ್ಜಿ ಮೂಟೆಯಿಂದ ಹೊರಬಂದ.

"ಚೆನ್ನಾಗಿದ್ದ ಹನ್ನೊಂದು ಕೋಟನ್ನ ಕೆಡಿಸಿಟ್ಟೆಯಲ್ಲೋ! ಈ ಡೋಲಿನವನು ಒಬ್ಬ ಮಾನ ಉಳಿಸ್ದ. ಲೋಕ ಎತ್ತ ನಡೀತಿದೆ ಅಂತ ಅವನಿಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ!"

"ಸ್ವಾಮಿ, ಅದು..."

"ನಾಳೆ ಹನ್ನೆರಡರೊಳಗೆ ಹನ್ನೊಂದೂ ಮೊದಲಿನ ಹಾಗಾಗ್ಬೇಕು. ಇಲ್ಲಾಂದ್ರೆ ಗೋಡೆ!"

ಡೋಲಿನವನು ತರುಣಿಯರ ನಡುವೆ ನಿಂತು, ಎಡಗೈಯಿಂದ ಎದೆಯ ಬಲಭಾಗ ಒತ್ತಿಕೊಂಡು, ಫೋನಿಗೆ ಮುಖ ಕೊಡುತ್ತಿದ್ದ.

ಎಲ್ಲರೂ ಒಳಗೆ ಹೋದ ಮೇಲೆ ಹಿರಿಯರು ಒಂದು ಗಳಿಗೆ ಹಿಂದೆ ಉಳಿದರು. ತುತ್ತೂರಿಯವನ ಕೋಟಿನ ಗುಂಡಿಯೊಂದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ, ಅದರ ಕೆಳಗೆ ಹೊಲಿದು ಮುಚ್ಚಿದ್ದ ಹಳೆಯ ಕಾಜ ನೋಡಿದರು. ಇನ್ನೊಂದು ಗುಂಡಿ ಎತ್ತಿದರು. ಅಲ್ಲೂ ಅದೇ. ಅವರ ಕಣ್ಣು ದರ್ಜಿಯ ಕೊರಳಿನ ಟೇಪಿನ ಮೇಲೆ ಬಿತ್ತು. ಹತ್ತಿರ ಬಂದು, ಅವನ ಸೂಜಿ ಚುಚ್ಚಿದ ಬೆರಳುಗಳನ್ನು ತಮ್ಮ ಕೈಯಲ್ಲಿ ಹಿಡಿದು, ಏನೋ ಎರಡು ಮಾತು ಹೇಳಿ ಒಳಗೆ ನಡೆದರು.

"ಏನಂದ್ರು?" ಎಂದ ದರ್ಜಿ.

"ಈ ಹೊಲಿಗೆ ನೋಡಿ ನಮ್ಮೂರ ದರ್ಜಿ ಅಂದ್ಕೊಂಡೆ ಅಂದ್ರು" ಎಂದ ದುಭಾಷಿ. "ಆಮೇಲೆ, ಈ ಗೇಟಲ್ಲಿ ನನ್ನನ್ನ ಬದುಕಿದ್ದವನು ಅಂತ ಎಣಿಸಿದೋನು ನೀನೊಬ್ಬನೇ ಅಂದ್ರು."

ದರ್ಜಿ ಹನ್ನೊಂದು ಕೋಟುಗಳನ್ನು ಹೆಗಲ ಮೇಲೆ ಹೇರಿಕೊಂಡು, ಹೊರೆಹೊತ್ತ ಎತ್ತಿನ ಹಾಗೆ ಬೀದಿಗೆ ಬಂದ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಅಂಗಡಿಯ ಬಾಗಿಲಲ್ಲಿ ಹೆಂಡತಿ ಆಗಲೇ ಸೂಜಿಗೆ ದಾರ ಪೋಣಿಸಿಕೊಂಡು ನಿಂತಿದ್ದಳು. "ಬಂದ್ರಾ" ಎಂದಳು. ಅವಳು ಹಾಗೆ ಕರೆದದ್ದು ಗೌರವಕ್ಕೋ ಅಣಕಕ್ಕೋ ಎಂದು ವಿಚಾರಿಸುವ ಧೈರ್ಯ ಅವನಿಗಾಗಲಿಲ್ಲ. ಅರವತ್ತಾರು ಕಣ್ಣು ತೆರೆಯಬೇಕು, ಅರವತ್ತಾರು ಕಣ್ಣು ಮುಚ್ಚಬೇಕು. ನಾಳೆ ಹನ್ನೆರಡಕ್ಕೆ ಇನ್ನೆಷ್ಟು ಹೊತ್ತು ಉಳಿದಿದೆ ಎನ್ನುವುದೊಂದೇ ಅವನ ತಲೆಯಲ್ಲಿತ್ತು.

ಎದುರಿನ ಗೂಡಿನಲ್ಲಿ ಗಡಿಯಾರದವನು ಯಾವುದೋ ಯಂತ್ರದ ಹೊಟ್ಟೆ ಸೀಳಿ ಕೂತಿದ್ದ. ಅವನ ತಲೆಯ ಮೇಲೆ, ಹೊಸದಾಗಿ ತೂಗಿದ ದೊಡ್ಡ ಗಡಿಯಾರವೊಂದು ಟಿಕ್ ಟಿಕ್ ಎನ್ನುತ್ತ ನೆಮ್ಮದಿಯಾಗಿ ಹಿಂದಕ್ಕೆ ಓಡುತ್ತಿತ್ತು. ಅದರ ಕೆಳಗೆ ಕ್ಷೌರಿಕನೂ ಇನ್ನಿಬ್ಬರೂ ತಮಗೂ ಅಂಥದ್ದೇ ಬೇಕೆಂದು ಕಾದು ನಿಂತಿದ್ದರು.

"ಮಾರಾಯ, ಈಗ ಗಂಟೆ ಎಷ್ಟು ಹೇಳು" ಎಂದ ದರ್ಜಿ, ಕೋಟುಗಳ ಭಾರಕ್ಕೆ ಏದುತ್ತ.

ಗಡಿಯಾರದವನು ತಲೆ ಎತ್ತಲಿಲ್ಲ.

"ಯಾವ ಕಡೆಯಿಂದ?" ಎಂದ.